ವ್ಯಾಯಾಮವೂ ಜೀರ್ಣಶಕ್ತಿಯೂ

ಊಟವಾದೊಡನೆ ಓಡಬಾರದೆಂಬ ಎಚ್ಚರಿಕೆಯನ್ನು ನಮ್ಮ ಮನೆಗಳಲ್ಲಿ ಕೇಳದ ಮಕ್ಕಳಿಲ್ಲ. ಉಂಡ ಮೇಲೆ ನೂರು ಹೆಜ್ಜೆ ನಡೆಯಬೇಕೆಂಬ ಉಪದೇಶವನ್ನೂ ಅದೇ ಮನೆಗಳಲ್ಲಿ, ಅದೇ ಹಿರಿಯರ ಬಾಯಿಂದ ಕೇಳುತ್ತೇವೆ. ಓಡುವುದೂ ವ್ಯಾಯಾಮವೇ, ನಡೆಯುವುದೂ ವ್ಯಾಯಾಮವೇ. ಎರಡರಲ್ಲಿಯೂ ದುಡಿಯುವುವು ಅದೇ ಕಾಲುಗಳು, ಅದೇ ಹೃದಯ, ಅದೇ ಶ್ವಾಸಕೋಶಗಳು. ಹೀಗಿರುವಲ್ಲಿ ಒಂದು ಜೀರ್ಣಕ್ಕೆ ಅಡ್ಡಿಯೂ ಮತ್ತೊಂದು ಸಹಾಯಕವೂ ಆಗುವುದು ಹೇಗೆ? ದಿನವೂ ಅಂಗಸಾಧನೆ ಮಾಡುವವನಿಗೆ ಕಲ್ಲನ್ನೂ ಅರಗಿಸಿಕೊಳ್ಳುವ ಶಕ್ತಿ ಬರುತ್ತದೆಂಬ ಮಾತಿನಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು?

ಈ ಪ್ರಶ್ನೆ ವಿದ್ಯಾರ್ಥಿಗಳಿಗೆ ದೂರದ್ದೇನೂ ಅಲ್ಲ. ಪರೀಕ್ಷೆಯ ತಿಂಗಳುಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕುರ್ಚಿ ಬಿಟ್ಟೇಳದೆ ಓದುವವರು ಹೊಟ್ಟೆಯುಬ್ಬರ, ಮಲಬದ್ಧತೆ, ಹಸಿವಿಲ್ಲದಿರುವುದು ಮೊದಲಾದ ತೊಂದರೆಗಳನ್ನು ಹೇಳಿಕೊಳ್ಳುವುದುಂಟು. ಮಧ್ಯಾಹ್ನದ ಊಟ ಮುಗಿಸಿ ನೇರವಾಗಿ ಆಟದ ಬಯಲಿಗೆ ಓಡಿ, ಅರ್ಧ ಗಂಟೆಯೊಳಗೆ ಹೊಟ್ಟೆ ಹಿಡಿದುಕೊಂಡು ಕುಳಿತುಕೊಳ್ಳುವವರೂ ಉಂಟು. ಮೊದಲನೆಯವರಿಗೆ ವ್ಯಾಯಾಮ ಸಾಲದು. ಎರಡನೆಯವರಿಗೆ ಅದು ತಪ್ಪು ಹೊತ್ತಿನಲ್ಲಿ, ತಪ್ಪು ಪ್ರಮಾಣದಲ್ಲಿ ಬಂದಿದೆ. ಇಬ್ಬರ ತೊಂದರೆಯನ್ನೂ ಅರಿಯಬೇಕಾದರೆ ಮೊದಲು ಜೀರ್ಣಾಂಗಗಳ ಕೆಲಸವನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಜೀರ್ಣಾಂಗಗಳ ದಿನಚರಿ

ನಾವು ನುಂಗಿದ ತುತ್ತು ಅನ್ನನಾಳದ ಮೂಲಕ ಕೆಲವೇ ಸೆಕೆಂಡುಗಳಲ್ಲಿ ಜಠರವನ್ನು ತಲುಪುತ್ತದೆ. ಜಠರವು ಸ್ನಾಯುಗಳಿಂದ ಆದ ಒಂದು ಚೀಲ. ಸಾಮಾನ್ಯವಾದ ಊಟದ ಅನಂತರ ಅದು ಒಂದರಿಂದ ಒಂದೂವರೆ ಲೀಟರಿನಷ್ಟು ಹಿಗ್ಗಬಲ್ಲುದು. ಅದರ ಒಳಗೋಡೆಯ ಗ್ರಂಥಿಗಳು ದಿನವೊಂದಕ್ಕೆ ಸುಮಾರು ಎರಡು ಲೀಟರು ಜಠರರಸವನ್ನು ಸುರಿಸುತ್ತವೆ. ಈ ರಸದಲ್ಲಿ ತೀಕ್ಷ್ಣವಾದ ಹೈಡ್ರೋಕ್ಲೋರಿಕ್ ಆಮ್ಲವೂ, ಪ್ರೋಟೀನುಗಳನ್ನು ಒಡೆಯುವ ಪೆಪ್ಸಿನ್ ಎಂಬ ಕಿಣ್ವವೂ ಇವೆ. ಜಠರದ ಗೋಡೆಯಲ್ಲಿ ಮಿನಿಟಿಗೆ ಸುಮಾರು ಮೂರರಂತೆ ಅಲೆಗಳು ಎದ್ದು ಕೆಳಮುಖವಾಗಿ ಸಾಗುತ್ತವೆ. ಮೊಸರನ್ನು ಕಡೆಗೋಲು ಕಡೆಯುವಂತೆ ಈ ಅಲೆಗಳು ಆಹಾರವನ್ನು ರಸದೊಡನೆ ಕಡೆದು ಗಂಜಿಯಂತೆ ಮಾಡುತ್ತವೆ. ಆ ಗಂಜಿಯು ಜಠರದ ಕೆಳಬಾಗಿಲಿನ ಮೂಲಕ ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ನೀರು ಬೇಗನೆ ದಾಟಿಹೋಗುತ್ತದೆ. ಅನ್ನ, ಬೇಳೆ, ರೊಟ್ಟಿಗಳಿಗೆ ಎರಡರಿಂದ ನಾಲ್ಕು ಗಂಟೆಗಳು ಬೇಕು. ಜಿಡ್ಡಿನ ಊಟಕ್ಕೆ ಇನ್ನೂ ಹೆಚ್ಚು.

ನಿಜವಾದ ಪಚನ ಮತ್ತು ಹೀರಿಕೆಗಳು ನಡೆಯುವುದು ಸಣ್ಣ ಕರುಳಿನಲ್ಲಿ. ಪಿತ್ತರಸವೂ ಮೇದೋಜೀರಕಾಂಗದ ರಸವೂ ಅಲ್ಲಿಗೆ ಬಂದು ಸೇರುತ್ತವೆ. ಕುಡಿದ ನೀರನ್ನೂ ದೇಹವೇ ಸುರಿಸಿದ ರಸಗಳನ್ನೂ ಕೂಡಿಸಿದರೆ ದಿನವೊಂದಕ್ಕೆ ಸುಮಾರು ಎಂಟು ಒಂಬತ್ತು ಲೀಟರು ದ್ರವ ಕರುಳಿಗೆ ಬರುತ್ತದೆ. ಅದರಲ್ಲಿ ಬಹುಪಾಲನ್ನು ಕರುಳು ಮರಳಿ ಹೀರಿಕೊಳ್ಳುತ್ತದೆ. ಉಳಿದ ಶೇಷವು ದೊಡ್ಡ ಕರುಳಿನಲ್ಲಿ ಒಂದರಿಂದ ಮೂರು ದಿನ ನಿಧಾನವಾಗಿ ಸಾಗಿ ಹೊರಬೀಳುತ್ತದೆ.

ಈ ಇಡೀ ವ್ಯವಹಾರಕ್ಕೆ ಎರಡು ಆಧಾರಗಳು ಬೇಕು. ರಸಗಳನ್ನು ತಯಾರಿಸಲು ಮತ್ತು ಹೀರಿದುದನ್ನು ಸಾಗಿಸಲು ರಕ್ತ ಬೇಕು. ಸ್ನಾಯುಗಳ ಅಲೆಯನ್ನು ನಡೆಸಲು ನರಗಳ ಆಜ್ಞೆ ಬೇಕು. ವ್ಯಾಯಾಮವು ಜೀರ್ಣಾಂಗಗಳನ್ನು ಮುಟ್ಟುವುದು ಮುಖ್ಯವಾಗಿ ಈ ಎರಡು ಮಾರ್ಗಗಳಿಂದಲೇ.

ಕಿಂಡಿಯುಳ್ಳ ಜಠರ

ಜೀವಂತ ಮನುಷ್ಯನ ಜಠರದಲ್ಲಿ ನಡೆಯುವುದನ್ನು ಕಣ್ಣಾರೆ ಕಂಡು, ವ್ಯಾಯಾಮದ ಪರಿಣಾಮವನ್ನು ದಾಖಲೆ ಮಾಡಿದ ಕೀರ್ತಿಯು ವಿಲಿಯಂ ಬೋಮಾಂಟ್ ಎಂಬ ಅಮೆರಿಕದ ಸೇನಾ ವೈದ್ಯನದು. 1822ರ ಜೂನ್ 6ರಂದು ಹ್ಯೂರನ್ ಸರೋವರದ ಮ್ಯಾಕಿನಾ ದ್ವೀಪದಲ್ಲಿ, ತುಪ್ಪುಳುದೊಗಲಿನ ವ್ಯಾಪಾರದ ಅಂಗಡಿಯೊಂದರಲ್ಲಿ, ಬಂದೂಕೊಂದು ಆಕಸ್ಮಿಕವಾಗಿ ಹಾರಿತು. ಗುಂಡಿನ ಮುಂದೆ ನಿಂತಿದ್ದವನು ದೋಣಿ ನಡೆಸಿ ಸರಕು ಹೊರುತ್ತಿದ್ದ, ಸುಮಾರು ಇಪ್ಪತ್ತು ವರ್ಷ ವಯಸ್ಸಿನ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೆನಡದ ಯುವಕ. ಎಡ ಎದೆಯ ಕೆಳಗೆ ಪಕ್ಕೆಲುಬುಗಳು ಮುರಿದು, ಜಠರವೂ ತೂತಾಯಿತು. ಬದುಕುವ ಆಸೆಯೇ ಇರಲಿಲ್ಲ; ಆದರೂ ಬೋಮಾಂಟನ ಶುಶ್ರೂಷೆಯಿಂದ ಅವನು ಉಳಿದುಕೊಂಡನು. ಗಾಯ ಮಾಯ್ದಿತಾದರೂ ಜಠರದ ತೂತು ಮುಚ್ಚಿಕೊಳ್ಳಲಿಲ್ಲ. ಅದರ ಅಂಚು ಹೊರಗಿನ ಚರ್ಮಕ್ಕೆ ಕೂಡಿಕೊಂಡು, ಜಠರದೊಳಕ್ಕೆ ನೋಡುವ ಕಿಂಡಿಯೊಂದು ಶಾಶ್ವತವಾಗಿ ಉಳಿಯಿತು.

1825ರಿಂದ 1833ರವರೆಗೆ, ನಡುನಡುವೆ ಬಿಡುವುಗಳೊಡನೆ, ಬೋಮಾಂಟನು ಈ ಕಿಂಡಿಯ ಮೂಲಕ ಇನ್ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ನಡೆಸಿದನು. ಮಾಂಸ, ರೊಟ್ಟಿ, ಎಲೆಕೋಸುಗಳ ತುಣುಕುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಜಠರದೊಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಹೊರತೆಗೆದು ಎಷ್ಟು ಕರಗಿವೆಯೆಂದು ನೋಡುತ್ತಿದ್ದನು. ಸೇಂಟ್ ಮಾರ್ಟಿನನು ಅವನ ಮನೆಯಲ್ಲಿಯೇ ಆಳಾಗಿದ್ದು, ಸೌದೆ ಸೀಳುವುದು, ಹೊರೆ ಹೊರುವುದು ಮೊದಲಾದ ಕೆಲಸಗಳನ್ನು ಮಾಡುತ್ತಿದ್ದುದರಿಂದ, ವಿಶ್ರಾಂತಿಯಲ್ಲಿರುವ ಜಠರವನ್ನೂ ದುಡಿಯುತ್ತಿರುವವನ ಜಠರವನ್ನೂ ಹೋಲಿಸಿ ನೋಡುವುದು ಸಾಧ್ಯವಾಯಿತು. 1833ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬೋಮಾಂಟನು ಸಂಗ್ರಹಿಸಿ ಹೇಳಿದ ತೀರ್ಮಾನಗಳಲ್ಲಿ ವ್ಯಾಯಾಮದ ವಿಷಯವೂ ಸೇರಿದೆ: ಕೆಲಸ ಮಾಡಿದಾಗ ಜಠರದ ಒಳಗಿನ ಉಷ್ಣತೆ ಸ್ವಲ್ಪ ಏರುತ್ತದೆ, ಹಿತಮಿತವಾದ ಚಲನೆಯಿಂದ ಪಚನವು ಚುರುಕಾಗುತ್ತದೆ, ಬಳಲಿಸುವಂತಹ ಕಠಿಣ ಶ್ರಮದಿಂದ ಅದು ತಡವಾಗುತ್ತದೆ.

ಈ ಜ್ಞಾನಕ್ಕೆ ಬೆಲೆ ತೆತ್ತವನು ಸೇಂಟ್ ಮಾರ್ಟಿನನೆಂಬುದನ್ನು ಮರೆಯಬಾರದು. ಬಡವನಾದ ಅವನು ಪ್ರಯೋಗಗಳ ಕಿರುಕುಳದಿಂದ ಬೇಸತ್ತು ಬೋಮಾಂಟನನ್ನು ಬಿಟ್ಟು ಹೋದುದೂ, ಕೂಲಿಗಾಗಿ ಮರಳಿ ಬಂದುದೂ ಉಂಟು. ಹೊಟ್ಟೆಯ ಕಿಂಡಿಯೊಡನೆಯೇ ಸಂಸಾರ ನಡೆಸಿ, ವೈದ್ಯನು ತೀರಿಕೊಂಡ ಮೇಲೂ ಬಹುಕಾಲ ಬಾಳಿ, 1880ರಲ್ಲಿ ಅವನು ಮೃತಪಟ್ಟನು. ವೈದ್ಯರು ದೇಹವನ್ನು ಅಗೆದು ಒಯ್ದಾರೆಂಬ ಭಯದಿಂದ ಮನೆಯವರು ಅವನನ್ನು ಬಹಳ ಆಳವಾಗಿ ಹೂಳಿದರು.

ಬೋಮಾಂಟನು ಕಂಡುದು ಒಬ್ಬನೇ ಮನುಷ್ಯನ ಜಠರವನ್ನು. ಆದರೂ ಮುಂದೆ ಅನೇಕರ ಮೇಲೆ, ಸೂಕ್ಷ್ಮವಾದ ಉಪಕರಣಗಳಿಂದ ನಡೆದ ಪರೀಕ್ಷೆಗಳು ಅವನ ಮಾತನ್ನೇ ಸಮರ್ಥಿಸಿದುವು. ಸಾವಕಾಶದ ನಡಿಗೆಯಿಂದ ಜಠರವು ಎಂದಿಗಿಂತ ಸ್ವಲ್ಪ ಬೇಗನೆ ಬರಿದಾಗುತ್ತದೆ. ಒಬ್ಬನ ಗರಿಷ್ಠ ಸಾಮರ್ಥ್ಯದ ಸುಮಾರು ಮುಕ್ಕಾಲು ಪಾಲನ್ನು ಮೀರಿದ ಶ್ರಮದಲ್ಲಿ ಅದು ಬರಿದಾಗುವುದು ನಿಧಾನವಾಗುತ್ತದೆ. ಇದಕ್ಕೆ ಕಾರಣವನ್ನು ರಕ್ತದ ಹಂಚಿಕೆಯಲ್ಲಿ ಹುಡುಕಬೇಕು.

ಒಂದು ಕಾಲುವೆ, ಎರಡು ಗದ್ದೆ

ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ಮಿನಿಟಿಗೆ ಸುಮಾರು 5 ಲೀಟರು ರಕ್ತವನ್ನು ದೂಡುತ್ತದೆ. ಅದರಲ್ಲಿ ಕಾಲುಭಾಗದಷ್ಟು, ಎಂದರೆ 1.25 ಲೀಟರಿಗೆ ಕಡಮೆಯಿಲ್ಲದ ರಕ್ತ, ಜಠರ, ಕರುಳು, ಯಕೃತ್ತು ಮುಂತಾದ ಉದರದ ಅಂಗಗಳಿಗೆ ಹೋಗುತ್ತದೆ. ಊಟವಾದ ಮೇಲೆ ಕರುಳಿನ ಪಾಲು ಇನ್ನೂ ಹೆಚ್ಚಿ, ಎರಡು ಮೂರು ಗಂಟೆಗಳ ಕಾಲ ಹಾಗೆಯೇ ಇರುತ್ತದೆ.

ಈಗ ಉಂಡವನು ಎದ್ದು ಓಡತೊಡಗಿದನೆನ್ನೋಣ. ಕಾಲಿನ ಸ್ನಾಯುಗಳಿಗೆ ಕೂಡಲೇ ಅಪಾರವಾದ ಆಮ್ಲಜನಕ ಬೇಕಾಗುತ್ತದೆ. ಆರೋಗ್ಯವಂತನಾದ ತರುಣನ ಹೃದಯವು ತೀವ್ರ ಶ್ರಮದಲ್ಲಿ ಮಿನಿಟಿಗೆ 20 ಲೀಟರಿಗೂ ಮೀರಿ ರಕ್ತವನ್ನು ದೂಡಬಲ್ಲುದು. ಆದರೂ ಸ್ನಾಯುಗಳ ಬೇಡಿಕೆಗೆ ಅದು ಸಾಲದು. ಒಂದೇ ಕಾಲುವೆಯ ನೀರನ್ನು ಎರಡು ಗದ್ದೆಗಳಿಗೆ ಹಂಚಬೇಕಾದಾಗ ನೀರುಗಂಟಿಯು ಒಂದು ತೂಬನ್ನು ಬಿಗಿಮಾಡಿ ಮತ್ತೊಂದನ್ನು ಸಡಿಲಿಸುವಂತೆ, ದೇಹದಲ್ಲಿಯೂ ಒಬ್ಬ ನೀರುಗಂಟಿಯಿದ್ದಾನೆ. ಅನುವೇದನಾ ನರಮಂಡಲವೇ ಆ ನೀರುಗಂಟಿ. ಅಪಾಯದಲ್ಲಿ, ಆವೇಗದಲ್ಲಿ, ಕಠಿಣ ಶ್ರಮದಲ್ಲಿ ಈ ನರಗಳು ಎಚ್ಚೆತ್ತು, ಕರುಳಿಗೆ ಹೋಗುವ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಅಮೆರಿಕದ ರೋವೆಲ್ ಮತ್ತು ಸಂಗಡಿಗರು 1964ರಲ್ಲಿ ಪ್ರಕಟಿಸಿದ ಅಳತೆಗಳಿಂದ, ಶ್ರಮವು ಗರಿಷ್ಠದ ಹತ್ತಿರಕ್ಕೆ ಬಂದಾಗ ಉದರದ ಅಂಗಗಳಿಗೆ ಹೋಗುವ ರಕ್ತವು ವಿಶ್ರಾಂತಿಯಲ್ಲಿದ್ದುದರ ಐದನೆಯ ಒಂದು ಭಾಗದಷ್ಟಕ್ಕೆ ಇಳಿಯಬಲ್ಲುದೆಂದು ತಿಳಿದುಬಂದಿತು.

ಬಿಸಿಲಿನ ದಿನಗಳಲ್ಲಿ ಮೂರನೆಯ ಗದ್ದೆಯೊಂದು ಸೇರಿಕೊಳ್ಳುತ್ತದೆ. ಅದೇ ಚರ್ಮ. ಮೈಯ ಬಿಸಿಯನ್ನು ಹೊರಹಾಕಲು ಚರ್ಮಕ್ಕೂ ಹೆಚ್ಚು ರಕ್ತ ಬೇಕಾಗುತ್ತದೆ. ಬೆವರಿನಿಂದ ನೀರು ಕಳೆದು ರಕ್ತದ ಒಟ್ಟು ಪ್ರಮಾಣವೂ ಇಳಿಯುತ್ತದೆ. ಆದುದರಿಂದಲೇ ಬೇಸಗೆಯ ಮಧ್ಯಾಹ್ನದಲ್ಲಿ, ನೀರು ಕುಡಿಯದೆ, ತುಂಬಿದ ಹೊಟ್ಟೆಯಲ್ಲಿ ಓಡುವವನಿಗೆ ವಾಂತಿ, ಹೊಟ್ಟೆನೋವುಗಳು ಬರುವ ಸಂಭವ ಹೆಚ್ಚು.

ನರಗಳು ರಕ್ತವನ್ನು ಮಾತ್ರವಲ್ಲದೆ ಚಲನೆಯನ್ನೂ ಆಳುತ್ತವೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞನು, ಕ್ಷಕಿರಣಗಳು ಆವಿಷ್ಕಾರವಾದ ಮರುವರ್ಷವೇ, ಎಂದರೆ 1896ರಲ್ಲಿ, ಅವುಗಳಿಂದ ಪ್ರಾಣಿಗಳ ಅನ್ನಮಾರ್ಗವನ್ನು ನೋಡತೊಡಗಿದನು. ಬಿಸ್ಮತ್ ಲವಣವನ್ನು ಬೆರೆಸಿದ ಆಹಾರವನ್ನು ಬೆಕ್ಕುಗಳಿಗೆ ತಿನ್ನಿಸಿದಾಗ ಅವುಗಳ ಜಠರದ ಅಲೆಗಳು ಕ್ಷಕಿರಣದ ತೆರೆಯ ಮೇಲೆ ನೆರಳಿನಂತೆ ಕಂಡುವು. ಬೆಕ್ಕು ಶಾಂತವಾಗಿರುವಾಗ ಅಲೆಗಳು ಕ್ರಮವಾಗಿ ಬರುತ್ತಿದ್ದುವು. ಅದು ಹೆದರಿದಾಗ ಅಥವಾ ಸಿಟ್ಟಾದಾಗ ಥಟ್ಟನೆ ನಿಂತುಹೋಗುತ್ತಿದ್ದುವು. ಪರೀಕ್ಷೆಯ ಕೊಠಡಿಗೆ ಹೋಗುವ ಮುನ್ನ ತಿಂದ ಉಪ್ಪಿಟ್ಟು ಹೊಟ್ಟೆಯಲ್ಲಿ ಕಲ್ಲಿನಂತೆ ಕುಳಿತಿದೆಯೆಂದು ಹೇಳುವ ವಿದ್ಯಾರ್ಥಿಯ ಅನುಭವಕ್ಕೂ ಇದೇ ಕಾರಣ.

ಇದಕ್ಕೆ ಪ್ರತಿಯಾಗಿ ಪರಾನುವೇದನಾ ನರಗಳೆಂಬ ಮತ್ತೊಂದು ಗುಂಪು ವಿಶ್ರಾಂತಿಯ ಕಾಲದಲ್ಲಿ ಕೆಲಸ ಮಾಡುತ್ತದೆ. ಅದರಲ್ಲಿ ವೇಗಸ್ ನರವು ಮುಖ್ಯವಾದುದು. ಈ ನರದ ಪ್ರಚೋದನೆಯಿಂದ ಜಠರರಸವು ಸುರಿಯುವುದೆಂದು ರಷ್ಯದ ಪಾವ್ಲೋವನು ತೋರಿಸಿಕೊಟ್ಟನು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಹಗುರವಾದ ನಡಿಗೆಯಲ್ಲಿ ಸ್ನಾಯುಗಳ ಬೇಡಿಕೆ ಅಲ್ಪ. ಹೃದಯವು ತನ್ನ ಕೆಲಸವನ್ನು ಸ್ವಲ್ಪ ಹೆಚ್ಚಿಸಿದರೆ ಸಾಕು, ಬಹುಮಟ್ಟಿಗೆ ಎರಡು ಗದ್ದೆಗಳಿಗೂ ನೀರು ಸಿಕ್ಕುತ್ತದೆ. ನೂರು ಹೆಜ್ಜೆ ನಡೆಯೆಂದವರೂ ಓಡಬೇಡವೆಂದವರೂ ಹೇಳಿದುದು ಒಂದೇ ಮಾತು. ಭೇದವಿರುವುದು ಪ್ರಮಾಣದಲ್ಲಿ ಮಾತ್ರ.

ಅತಿಯಾದರೆ ಆಗುವ ಹಾನಿ

ದೂರದ ಓಟಗಾರರಲ್ಲಿ ಎದೆಯುರಿ, ಓಕರಿಕೆ, ಹೊಟ್ಟೆಯ ಸೆಳೆತ, ಭೇದಿ ಇವು ಸಾಮಾನ್ಯ. ಓಟದಲ್ಲಿ ಉದರದ ಒತ್ತಡವು ಪದೇ ಪದೇ ಏರಿಳಿದು, ಅನ್ನನಾಳಕ್ಕೂ ಜಠರಕ್ಕೂ ನಡುವೆ ಇರುವ ಸ್ನಾಯುವಿನ ಉಂಗುರವು ಸಡಿಲಾದಾಗ ಆಮ್ಲವು ಮೇಲಕ್ಕೆ ಚಿಮ್ಮುತ್ತದೆ, ಅದೇ ಎದೆಯುರಿ. ಕರುಳಿನ ಒಳಪೊರೆಯಂತೂ ರಕ್ತದ ಕೊರತೆಯನ್ನು ಬಹುಕಾಲ ತಾಳಲಾರದು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರಾದ ತರುಣರು ಒಂದು ಗಂಟೆ ಕಾಲ ಕಠಿಣವಾಗಿ ಸೈಕಲ್ ತುಳಿದರು. ಅಷ್ಟರಲ್ಲಿಯೇ, ಕರುಳಿನ ಒಳಪೊರೆಯ ಜೀವಕೋಶಗಳಿಗೆ ಘಾಸಿಯಾದಾಗ ಹೊರಬರುವ ಒಂದು ಪ್ರೋಟೀನು ಅವರ ರಕ್ತದಲ್ಲಿ ಹೆಚ್ಚಿತು. ವಿಶ್ರಾಂತಿ ದೊರೆತ ಮೇಲೆ ಅದು ಇಳಿಯಿತು. ಆರೋಗ್ಯವಂತರಲ್ಲಿ ಇಂತಹ ಅಲ್ಪ ಘಾಸಿಯು ಬೇಗನೆ ಮಾಯುವುದಾದರೂ, ವ್ಯಾಯಾಮ ಹೆಚ್ಚಿದಷ್ಟೂ ಜೀರ್ಣವು ಚೆನ್ನೆಂಬ ಲೆಕ್ಕವು ಸರಿಯಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಆಯುರ್ವೇದದ ಗ್ರಂಥಕರ್ತರು ಈ ಮಿತಿಯನ್ನು ಬಹು ಹಿಂದೆಯೇ ಗುರುತಿಸಿದ್ದರು. ವ್ಯಾಯಾಮದಿಂದ ದೇಹಕ್ಕೆ ಲಘುತ್ವವೂ ಜಠರಾಗ್ನಿಗೆ ದೀಪ್ತಿಯೂ ಬರುವುದೆಂದು ವಾಗ್ಭಟನು ಹೇಳಿ, ಅದನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂದು ವಿಧಿಸಿದ್ದಾನೆ. ಅರ್ಧಬಲವೆಂಬುದನ್ನು ಅರಿಯುವ ಬಗೆಯನ್ನು ಸುಶ್ರುತಸಂಹಿತೆಯು ಕೊಡುತ್ತದೆ: ಉಸಿರು ಬಾಯಿಯ ಮೂಲಕ ಬರತೊಡಗಿದರೆ ಅರ್ಧಬಲ ಮುಗಿಯಿತೆಂದು ತಿಳಿಯಬೇಕು. ಇಂದಿನ ವೈದ್ಯರು ಮಿತವಾದ ವ್ಯಾಯಾಮಕ್ಕೆ ಹೇಳುವ ಪರೀಕ್ಷೆಯೂ ಇದನ್ನೇ ಹೋಲುತ್ತದೆ: ನಡೆಯುತ್ತಿರುವಾಗ ಸಂಗಡಿಗನೊಡನೆ ಮಾತನಾಡಲು ಸಾಧ್ಯವಿರಬೇಕು, ಮಾತಿನ ನಡುವೆ ಏದುಸಿರು ಬರುತ್ತಿದ್ದರೆ ಶ್ರಮವು ಕಠಿಣದ ಮಟ್ಟವನ್ನು ಮುಟ್ಟಿದೆ.

ನಿತ್ಯದ ಅಭ್ಯಾಸದ ಫಲ

ಇದುವರೆಗೆ ಹೇಳಿದುದು ವ್ಯಾಯಾಮ ಮಾಡುತ್ತಿರುವಾಗ ನಡೆಯುವ ವ್ಯಾಪಾರ. ದಿನವೂ ತಪ್ಪದೆ ಮಾಡಿದಾಗ ತಿಂಗಳುಗಳ ಅನಂತರ ದೊರೆಯುವ ಫಲ ಬೇರೆ. ಕರುಳಿಗೆ ಹೋಗುವ ರಕ್ತವು ಎಷ್ಟು ಕಡಮೆಯಾಗುವುದೆಂಬುದು ಒಬ್ಬನು ಎಷ್ಟು ವೇಗವಾಗಿ ಓಡುತ್ತಾನೆಂಬುದನ್ನು ಅವಲಂಬಿಸಿಲ್ಲ. ಆ ವೇಗವು ಅವನ ಸಾಮರ್ಥ್ಯದಲ್ಲಿ ಎಷ್ಟನೆಯ ಪಾಲು ಎಂಬುದನ್ನು ಅವಲಂಬಿಸಿದೆ. ಕುಳಿತೇ ದಿನ ಕಳೆಯುವವನಿಗೆ ಮೂರು ಮಹಡಿ ಹತ್ತುವುದೇ ಕಠಿಣ ಶ್ರಮ. ಅವನ ನೀರುಗಂಟಿಯು ಅಷ್ಟಕ್ಕೇ ಕರುಳಿನ ತೂಬನ್ನು ಬಿಗಿಯುತ್ತಾನೆ. ನಿತ್ಯವೂ ವ್ಯಾಯಾಮ ಮಾಡುವವನ ಹೃದಯ ಬಲಿತು, ಬಡಿತವೊಂದಕ್ಕೆ ಹೆಚ್ಚು ರಕ್ತವನ್ನು ದೂಡಬಲ್ಲುದಾಗಿರುವುದರಿಂದ, ಅವೇ ಮೆಟ್ಟಿಲುಗಳು ಅವನಿಗೆ ಹಗುರವೆನಿಸುತ್ತವೆ; ಅವನ ಕರುಳಿನ ರಕ್ತ ಅಷ್ಟಾಗಿ ಇಳಿಯುವುದಿಲ್ಲ. ವಿಶ್ರಾಂತಿಯ ಕಾಲದಲ್ಲಿ ವೇಗಸ್ ನರದ ಪ್ರಭಾವವೂ ಅವನಲ್ಲಿ ಹೆಚ್ಚು. ಪಳಗಿದ ಓಟಗಾರರ ನಾಡಿಯು ನಿಧಾನವಾಗಿರುವುದಕ್ಕೆ ಇದೂ ಒಂದು ಕಾರಣ. ಸಾಮಾನ್ಯನನ್ನು ಬಳಲಿಸುವ ಕೆಲಸವನ್ನು ಪಳಗಿದವನು ಸುಲಭವಾಗಿ ಮಾಡಿ, ಉಂಡುದನ್ನು ಸುಲಭವಾಗಿ ಅರಗಿಸಿಕೊಳ್ಳುವುದರ ಗುಟ್ಟು ಇಲ್ಲಿದೆ.

ನಿತ್ಯವ್ಯಾಯಾಮದ ಗುಣವು ಅತಿ ಸ್ಪಷ್ಟವಾಗಿ ಕಾಣುವುದು ಜಠರಕ್ಕಿಂತಲೂ ದೊಡ್ಡ ಕರುಳಿನಲ್ಲಿ. ಹಾಸಿಗೆ ಹಿಡಿದ ರೋಗಿಗಳಲ್ಲಿ ಮಲಬದ್ಧತೆಯು ಸಾಮಾನ್ಯವೆಂಬುದು ಎಲ್ಲರೂ ಬಲ್ಲ ಸಂಗತಿ. ನೆದರ್ಲೆಂಡ್ಸಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬಹುಕಾಲದಿಂದ ಮಲಬದ್ಧತೆಯಿದ್ದು ಓಡಾಟವಿಲ್ಲದ ನಡುವಯಸ್ಸಿನವರು ಹನ್ನೆರಡು ವಾರಗಳ ಕಾಲ ದಿನಕ್ಕೆ 30 ಮಿನಿಟುಗಳ ಚುರುಕಾದ ನಡಿಗೆಯನ್ನೂ ಮನೆಯಲ್ಲಿಯೇ ಮಾಡುವ ಸಣ್ಣ ಅಂಗಸಾಧನೆಯನ್ನೂ ಕೈಕೊಂಡರು. ಅವರ ದೊಡ್ಡ ಕರುಳಿನಲ್ಲಿ ಶೇಷವು ಸಾಗಲು ಹಿಡಿಯುತ್ತಿದ್ದ ಕಾಲ ಕಡಮೆಯಾಯಿತು, ತೊಂದರೆಗಳೂ ತಗ್ಗಿದುವು. ಕರುಳಿನಲ್ಲಿ ಗಾಯವಾಗಲಿ ಹುಣ್ಣಾಗಲಿ ಇಲ್ಲದಿದ್ದರೂ ನೋವು, ಉಬ್ಬರ, ಭೇದಿ, ಮಲಬದ್ಧತೆಗಳಿಂದ ಕಾಡುವ ಕರುಳಿನ ಕೆರಳಿಕೆಯ ರೋಗದಲ್ಲಿಯೂ, ಸ್ವೀಡನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯು ವ್ಯಾಯಾಮ ಮಾಡಿದವರಿಗೆ ಗುಣ ಹೆಚ್ಚೆಂದು ತೋರಿಸಿತು.

ಇದಕ್ಕಿಂತ ಗಂಭೀರವಾದ ಸಂಗತಿ ಮತ್ತೊಂದಿದೆ. ಅಮೆರಿಕದ ಲಾಸ್ ಏಂಜಲೀಸಿನ ಪುರುಷರ ವೃತ್ತಿಗಳನ್ನು ಪರಿಶೀಲಿಸಿ 1984ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕುಳಿತು ಕೆಲಸ ಮಾಡುವ ವೃತ್ತಿಯವರಿಗೆ ದೊಡ್ಡ ಕರುಳಿನ ಕ್ಯಾನ್ಸರು ಬರುವ ಸಂಭವವು ಮೈಮುರಿದು ದುಡಿಯುವವರಿಗಿಂತ 1.6 ಪಟ್ಟಾದರೂ ಇದೆಯೆಂದು ಕಂಡುಬಂದಿತು. ಅನಂತರ ಅನೇಕ ದೇಶಗಳಲ್ಲಿ ನಡೆದ ಅಧ್ಯಯನಗಳೂ ಇದನ್ನೇ ಹೇಳಿವೆ. ವ್ಯಾಯಾಮದಿಂದ ರಕ್ತದಲ್ಲಿ ಇನ್ಸುಲಿನ್ನಿನ ಮಟ್ಟ ಇಳಿಯುವುದು, ಉದರದ ಕೊಬ್ಬು ಕರಗುವುದು, ದೇಹದಲ್ಲಿ ಸದಾ ಹೊಗೆಯಾಡುವ ಉರಿಯೂತ ತಗ್ಗುವುದು, ಇವು ಈ ರಕ್ಷಣೆಯ ಕಾರಣಗಳೆಂದು ಶಾಸ್ತ್ರಜ್ಞರು ಎಣಿಸುತ್ತಾರೆ.

ಕರುಳಿನ ನಿವಾಸಿಗಳು

ದೊಡ್ಡ ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಗಳು ವಾಸವಾಗಿವೆ. ನಮ್ಮ ಕಿಣ್ವಗಳು ಒಡೆಯಲಾರದ ನಾರನ್ನು ಇವು ಹುದುಗಿಸಿ, ಬ್ಯುಟಿರೇಟ್ ಮುಂತಾದ ಸಣ್ಣ ಮೇದಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪೊರೆಗೆ ಬ್ಯುಟಿರೇಟೇ ಮುಖ್ಯವಾದ ಆಹಾರ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಸಂಶೋಧಕರು 2018ರಲ್ಲಿ ಒಂದು ಪ್ರಯೋಗದ ವಿವರಗಳನ್ನು ಪ್ರಕಟಿಸಿದರು. ವ್ಯಾಯಾಮದ ಅಭ್ಯಾಸವಿಲ್ಲದ 32 ಮಂದಿಗೆ ಆರು ವಾರಗಳ ಕಾಲ, ವಾರಕ್ಕೆ ಮೂರು ಸಲದಂತೆ, ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸಲಾಯಿತು. ಅವರ ಕರುಳಿನ ಬ್ಯಾಕ್ಟೀರಿಯಗಳ ಸಮೂಹವು ಬದಲಾಯಿತು. ತೆಳುಮೈಯವರಲ್ಲಿ ಸಣ್ಣ ಮೇದಾಮ್ಲಗಳ ಉತ್ಪತ್ತಿ ಹೆಚ್ಚಿತು. ಸ್ಥೂಲಕಾಯದವರಲ್ಲಿ ಈ ಹೆಚ್ಚಳ ಕಾಣಲಿಲ್ಲ. ಬಳಿಕ ಅದೇ ಜನರು ಆರು ವಾರ ವ್ಯಾಯಾಮವನ್ನು ಬಿಟ್ಟು ಹಿಂದಿನಂತೆ ಕುಳಿತರು. ಆದ ಬದಲಾವಣೆಗಳು ಬಹುಮಟ್ಟಿಗೆ ಅಳಿಸಿಹೋದುವು. ಆರು ವಾರಗಳಲ್ಲಿ ಗಳಿಸಿದುದು ಆರು ವಾರಗಳಲ್ಲಿ ಕಳೆದುಹೋಯಿತು. ವ್ಯಾಯಾಮದ ಫಲವನ್ನು ಬ್ಯಾಂಕಿನ ಠೇವಣಿಯಂತೆ ಕೂಡಿಡಲು ಬರುವುದಿಲ್ಲ. ಅದನ್ನು ದಿನಗೂಲಿಯಂತೆ ದಿನದಿನವೂ ದುಡಿದೇ ಪಡೆಯಬೇಕು.

ಉಂಡ ಮೇಲಿನ ನಡಿಗೆ

ನೂರು ಹೆಜ್ಜೆಯ ಉಪದೇಶಕ್ಕೆ ಈಗ ಮರಳೋಣ. ಉಂಡವನು ಅನ್ನದ ಆಯಾಸ ಕಳೆಯುವವರೆಗೆ ಅರಸನಂತೆ ಸುಖವಾಗಿ ಕುಳಿತು, ಬಳಿಕ ನೂರು ಹೆಜ್ಜೆ ನಡೆದು, ಎಡಮಗ್ಗುಲಾಗಿ ಮಲಗಬೇಕೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಎಡಮಗ್ಗುಲಿನ ಮಾತಿಗೂ ಅಂಗರಚನೆಯ ಆಧಾರವುಂಟು: ಹಾಗೆ ಮಲಗಿದಾಗ ಜಠರದ ಹೊಟ್ಟೆಭಾಗವು ಅನ್ನನಾಳದ ಬಾಗಿಲಿಗಿಂತ ಕೆಳಗಿರುವುದರಿಂದ ಆಮ್ಲವು ಮೇಲಕ್ಕೆ ಬರುವುದು ಕಡಮೆ.

ನಡಿಗೆಯ ಮತ್ತೊಂದು ಪ್ರಯೋಜನವು ರಕ್ತದ ಸಕ್ಕರೆಗೆ ಸಂಬಂಧಿಸಿದುದು. ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟವು ಒಡೆದು ಗ್ಲೂಕೋಸಾಗಿ ರಕ್ತವನ್ನು ಸೇರುತ್ತದೆ. ಸ್ನಾಯುಗಳು ಅದನ್ನು ಒಳಕ್ಕೆ ತೆಗೆದುಕೊಳ್ಳಲು ಸಾಮಾನ್ಯವಾಗಿ ಇನ್ಸುಲಿನ್ನಿನ ಅಪ್ಪಣೆ ಬೇಕು. ಆದರೆ ದುಡಿಯುತ್ತಿರುವ ಸ್ನಾಯುವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಗ್ಲೂಕೋಸಿಗೆ ಬಾಗಿಲು ತೆರೆಯಬಲ್ಲುದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡನೆಯ ಬಗೆಯ ಸಕ್ಕರೆ ರೋಗವುಳ್ಳವರು ಒಮ್ಮೆ, ದಿನದ ಯಾವುದಾದರೂ ಹೊತ್ತಿನಲ್ಲಿ 30 ಮಿನಿಟು ನಡೆದರು. ಮತ್ತೊಮ್ಮೆ, ಮೂರು ಊಟಗಳ ಬಳಿಕ ಹತ್ತು ಹತ್ತು ಮಿನಿಟು ನಡೆದರು. ನಡೆದ ಒಟ್ಟು ಕಾಲ ಒಂದೇ. ಆದರೂ ಊಟದ ಬಳಿಕ ನಡೆದಾಗ ಉಂಡ ಮೇಲಿನ ಸಕ್ಕರೆಯು ಸರಾಸರಿ ನೂರಕ್ಕೆ 12ರಷ್ಟು ಕಡಮೆಯಿತ್ತು. ಸಕ್ಕರೆ ರೋಗವು ಮನೆಮನೆಯ ಮಾತಾಗಿರುವ ನಮ್ಮ ದೇಶದಲ್ಲಿ, ಅನ್ನವೇ ಪ್ರಧಾನವಾದ ನಮ್ಮ ಊಟದಲ್ಲಿ, ಕಾಸು ಖರ್ಚಿಲ್ಲದ ಈ ಹತ್ತು ಮಿನಿಟುಗಳಿಗೆ ಬೆಲೆ ಕಟ್ಟಲಾಗದು.

ಒಂದು ಎಚ್ಚರಿಕೆಯನ್ನು ಮಾತ್ರ ಮನೆಯ ಹಿರಿಯರ ವಿಷಯದಲ್ಲಿ ನೆನಪಿಡಬೇಕು. ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡೆನ್ನನು ಹೃದಯಶೂಲೆಯನ್ನು 18ನೆಯ ಶತಮಾನದಲ್ಲಿಯೇ ವರ್ಣಿಸುವಾಗ, ಅದು ನಡೆಯುತ್ತಿರುವಾಗ, ಅದರಲ್ಲಿಯೂ ಏರು ಹತ್ತುವಾಗ ಮತ್ತು ಉಂಡ ಸ್ವಲ್ಪ ಹೊತ್ತಿನಲ್ಲಿ ಬರುತ್ತದೆಂದು ಗುರುತಿಸಿದ್ದನು. ಹೃದಯದ ರಕ್ತನಾಳಗಳು ಕಿರಿದಾಗಿರುವವರಲ್ಲಿ ಕರುಳಿನ ಬೇಡಿಕೆಯೂ ಕಾಲಿನ ಬೇಡಿಕೆಯೂ ಒಟ್ಟಿಗೆ ಬಂದಾಗ ಹೃದಯವೇ ಸೋಲುತ್ತದೆ. ಆದುದರಿಂದ ಉಂಡು ನಡೆಯುವಾಗ ಎದೆಯಲ್ಲಿ ಬಿಗಿತ ಬಂದು, ನಿಂತರೆ ಕಡಮೆಯಾಗುವುದಾದರೆ, ಅದನ್ನು ಅಜೀರ್ಣವೆಂದು ಬಗೆದು ಸೋಡ ಕುಡಿದು ಸುಮ್ಮನಿರಬಾರದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಿಂತು ವಿಶ್ರಮಿಸಿದರೂ ನೋವು ಹೋಗದಿದ್ದರೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಆಗುವುದು, ಆಗದುದು

ವ್ಯಾಯಾಮಕ್ಕೆ ಇಲ್ಲದ ಶಕ್ತಿಯನ್ನು ಆರೋಪಿಸುವುದೂ ಸರಿಯಲ್ಲ. ಆರೋಗ್ಯವಂತನ ಸಣ್ಣ ಕರುಳು, ಅವನು ದಂಡೆ ಬಸ್ಕಿ ಹೊಡೆಯಲಿ ಬಿಡಲಿ, ಆಹಾರದ ಪಿಷ್ಟ, ಪ್ರೋಟೀನು, ಮೇದಸ್ಸುಗಳಲ್ಲಿ ಬಹುಪಾಲನ್ನು ಹೀರಿಕೊಳ್ಳಲು ಸಮರ್ಥವಾಗಿಯೇ ಇದೆ. ವ್ಯಾಯಾಮದಿಂದ ಕಲ್ಲು ಅರಗದು. ಜಠರದ ಹುಣ್ಣುಗಳಲ್ಲಿ ಬಹುಪಾಲು ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯದಿಂದ ಅಥವಾ ನೋವುನಿವಾರಕ ಗುಳಿಗೆಗಳಿಂದ ಬರುವಂತಹುದು. ಅದಕ್ಕೆ ಔಷಧವೇ ಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ವಾಂತಿ ಇವುಗಳಿಗೂ ನಡಿಗೆಯು ಪರಿಹಾರವಲ್ಲ. ನಾರು, ನೀರು, ನಿದ್ರೆಗಳಿಲ್ಲದೆ ವ್ಯಾಯಾಮವೊಂದೇ ಹೊಟ್ಟೆಯನ್ನು ಸರಿಪಡಿಸಲಾರದು.

ಈ ಎಲ್ಲ ವಿಚಾರಗಳಿಂದ ವಿದ್ಯಾರ್ಥಿಗಳು ಪಾಲಿಸಬಹುದಾದ ಕೆಲವು ನಿಯಮಗಳು ಹೊರಡುತ್ತವೆ. ಪೂರ್ತಿ ಊಟಕ್ಕೂ ಓಟ, ಕಬಡ್ಡಿ, ಫುಟ್‌ಬಾಲುಗಳಂತಹ ಬಿರುಸಾದ ಆಟಗಳಿಗೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಲಿ. ಬಾಳೆಯ ಹಣ್ಣಿನಂತಹ ಲಘು ತಿಂಡಿಯಾದರೆ ಒಂದು ಗಂಟೆ ಸಾಕು. ಉಂಡ ಮೇಲೆ ಹತ್ತು ಹದಿನೈದು ಮಿನಿಟು ಸಾವಕಾಶವಾಗಿ ನಡೆಯಿರಿ. ಆಟದ ಮುಂಚೆಯೂ ನಡುವೆಯೂ ನೀರನ್ನು ಮರೆಯಬೇಡಿರಿ. ವ್ಯಾಯಾಮವನ್ನು ಹೊಸದಾಗಿ ಮೊದಲುಮಾಡುವವರು ಮಾತನಾಡುತ್ತ ಮಾಡಬಹುದಾದಷ್ಟರಿಂದ ಮೊದಲುಮಾಡಿ, ವಾರವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಲಿ. ಎಲ್ಲಕ್ಕಿಂತ ಮಿಗಿಲಾಗಿ, ಪರೀಕ್ಷೆಯು ಹತ್ತಿರವಾಯಿತೆಂದು ಸಂಜೆಯ ಓಡಾಟವನ್ನು ನಿಲ್ಲಿಸಬಾರದು. ಕುಳಿತೇ ಇರಬೇಕಾದ ತಿಂಗಳುಗಳಲ್ಲಿಯೇ ಹೊಟ್ಟೆಗೆ ಆ ಓಡಾಟದ ಅಗತ್ಯ ಹೆಚ್ಚು.

ನಮ್ಮ ದೇಹದಲ್ಲಿ ರಕ್ತವು ಮಿತವಾಗಿದೆ, ಅದನ್ನು ಬೇಡುವ ಅಂಗಗಳು ಹಲವಾಗಿವೆ. ಹೊಟ್ಟೆ ದುಡಿಯುವಾಗ ಕಾಲುಗಳು ಅದರ ಪಾಲನ್ನು ಕಸಿಯದಂತೆ ನೋಡಿಕೊಳ್ಳುವುದು ಹೊತ್ತರಿತ ವ್ಯಾಯಾಮ. ಕಾಲುಗಳನ್ನು ದಿನವೂ ದುಡಿಸಿ ಹೃದಯವನ್ನು ಬಲಪಡಿಸಿ, ಎರಡಕ್ಕೂ ಪಾಲು ಸಾಲುವಂತೆ ಮಾಡುವುದು ನಿತ್ಯದ ವ್ಯಾಯಾಮ. ಜೀರ್ಣಶಕ್ತಿಗೆ ಈ ಎರಡೂ ಬೇಕು.